ಒಣದ್ರಾಕ್ಷಿ ಕುದಿಯುತ್ತಿದ್ದ ಶನಿವಾರ

ಒಣದ್ರಾಕ್ಷಿಯನ್ನು ನೀರಿನಲ್ಲಿ ಕುದಿಯಲಿಟ್ಟರೆ ಮೊದಲು ಬರುವುದು ಮಣ್ಣಿನ ವಾಸನೆ. ಆಮೇಲೆ ಬೆಲ್ಲದ್ದು. ಕೊನೆಗೆ ಹಣ್ಣು ಉಬ್ಬಿ, ಸಿಪ್ಪೆ ಬಿರಿದು, ನೀರು ಕಪ್ಪಾಗುವ ಹೊತ್ತಿಗೆ ಎರಡೂ ಅಲ್ಲದ ಒಂದು ಹುಳಿಸಿಹಿ ವಾಸನೆ ಎದ್ದು ಮನೆಯ ಪರದೆಗಳಿಗೆಲ್ಲ ಹತ್ತಿಕೊಳ್ಳುತ್ತದೆ. ಕಳೆದ ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ, ಲಂಡನ್ನಿನ ಅಂಚಿನ ಸಟನ್ನಿನ ನಮ್ಮ ಮನೆಯಲ್ಲಿ, ನನ್ನ ಹನ್ನೊಂದು ವರ್ಷದ ಮಗಳು ಶಾಲೆಯ ಮೇಳಕ್ಕೆ ಕೇಕು ಮಾಡುತ್ತೇನೆಂದು ಫೋನು ನೋಡಿಕೊಂಡು ಒಣದ್ರಾಕ್ಷಿ ಬೇಯಿಸುತ್ತಿದ್ದಳು. ನಾನು ಮಹಡಿಯ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದೆ. ವಾಸನೆ ಮೆಟ್ಟಿಲು ಹತ್ತಿ ಬಂತು. ಕೈಯಲ್ಲಿದ್ದ ಟವೆಲನ್ನು ಹಿಡಿದುಕೊಂಡೇ ಹಾಸಿಗೆಯ ಮೇಲೆ ಕೂತುಬಿಟ್ಟೆ. ಆಸ್ಪತ್ರೆಯ ವಾರ್ಡಿನಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳನ್ನು ಗದರಿಸಿ ಕೆಲಸ ತೆಗೆಯುವ ನಾನು ಒಣದ್ರಾಕ್ಷಿಯ ವಾಸನೆಗೆ ಹೆದರುತ್ತೇನೆ ಎಂದರೆ ನೀವು ನಗುತ್ತೀರಿ. ನಗಿ. ನಿಮಗೂ ಎಲ್ಲೋ ಒಂದು ವಾಸನೆ ಕಾದು ಕೂತಿರುತ್ತದೆ, ಅದು ಯಾವ ಮೆಟ್ಟಿಲು ಹತ್ತಿ ಬರುತ್ತದೋ ನಿಮಗೂ ಗೊತ್ತಿರುವುದಿಲ್ಲ.

ನಾನು ಬೆಳೆದದ್ದು ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ, ಒಂದಕ್ಕೊಂದು ಭುಜ ತಾಗಿಸಿ ನಿಂತ ಮನೆಗಳ ಸಾಲಿನ ನಡುವಿನ ಒಂದು ಮನೆಯಲ್ಲಿ. ಹಿತ್ತಲಿನಾಚೆ ಡಿಸ್ಟ್ರಿಕ್ಟ್ ಲೈನಿನ ರೈಲು ಹೋದಾಗಲೆಲ್ಲ ಅಡುಗೆಮನೆಯ ಸ್ಟೀಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಅಪ್ಪ ಬಸ್ಸಿನ ಡಿಪೋದಲ್ಲಿ, ಅಮ್ಮ ಆಸ್ಪತ್ರೆಯಲ್ಲಿ, ಇಬ್ಬರದೂ ಪಾಳಿಯ ಕೆಲಸ. ನನ್ನನ್ನು ಸಾಕಿದವಳು ಧಾರವಾಡದಿಂದ ಬಂದ ಅಪ್ಪನ ತಾಯಿ, ಕರುಣಮ್ಮ ಅಜ್ಜಿ. ನಾವು ತಲೆತಲಾಂತರದಿಂದ ಕನ್ನಡವನ್ನೇ ಆಡುವ, ಕನ್ನಡದಲ್ಲೇ ದೇವರನ್ನು ಬೇಡುವ ಕ್ರೈಸ್ತರು. ಲಂಡನ್ನಿನ ಉಳಿದ ಕನ್ನಡಿಗರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಕ್ರೈಸ್ತರೆಂದರೆ ಮಂಗಳೂರಿನ ಕಡೆಯವರು, ಮನೆಯಲ್ಲಿ ಕೊಂಕಣಿ ಆಡುವವರು ಎಂದೇ ಅವರ ಎಣಿಕೆ. ರಾಜ್ಯೋತ್ಸವದ ಊಟದಲ್ಲಿ ಅಜ್ಜಿಯ ಬಾಯಿಂದ ಅಪ್ಪಟ ಧಾರವಾಡದ ಮಾತು ಉದುರಿದಾಗ ಪಕ್ಕದವರು ಅನ್ನ ಕಲಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಜಿಪಿ ಡಾಕ್ಟರ ಹತ್ತಿರ ಹೋದರೆ ನಾನೇ ದುಭಾಷಿ, ಹೈಸ್ಟ್ರೀಟಿನ ಅಂಗಡಿಗಳಿಗೆ ಹೋದರೆ ನಾನೇ ದಾರಿ. ಊರಿನಲ್ಲಿ ನಾಲ್ಕು ಮನೆಯ ಹೆರಿಗೆ, ಮದುವೆ, ಜಗಳ ಎಲ್ಲದಕ್ಕೂ ಕರೆ ಬರುತ್ತಿದ್ದ ಹೆಂಗಸಿಗೆ ಈ ಊರಿನಲ್ಲಿ ತನ್ನದೆಂದು ಉಳಿದಿದ್ದ ಕೆಲಸ ಒಂದೇ. ನಮ್ಮ ಸಭೆಯ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡಿಕೊಡುವುದು.

ಸಭೆ ಎಂದರೆ ದೊಡ್ಡದೇನಲ್ಲ, ಮೂವತ್ತು ಜನ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಒಂದು ಇಂಗ್ಲಿಷ್ ಚರ್ಚಿನವರು ತಮ್ಮ ಹಿಂದಿನ ಹಾಲ್ ಕಟ್ಟಡವನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಅಲ್ಲಿ ಕನ್ನಡದ ಆರಾಧನೆ, ಕೊನೆಗೆ ಕರ್ತನ ಕಡೆಯ ಊಟದ ನೆನಪಿಗೆ ಒಂದು ಚೂರು ರೊಟ್ಟಿ ಮತ್ತು ರಸ. ಭೋಜನ ತೆಗೆದುಕೊಳ್ಳುವವರು ಮುಂಚೆಯೇ ಪಾದ್ರಿ ಅಯ್ಯನವರಿಗೆ ಹೆಸರು ಕೊಡಬೇಕು. ಹೆಸರಿಗೊಂದರಂತೆ ಸಣ್ಣ ಗಾಜಿನ ಬಟ್ಟಲುಗಳು ಮರದ ತಟ್ಟೆಯಲ್ಲಿ ತುಂಬುತ್ತಿದ್ದವು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಹೆಸರು ಕೊಟ್ಟವರು ಶನಿವಾರ ಇನ್ನೊಂದು ಕೆಲಸ ಮಾಡಬೇಕಿತ್ತು. ಯಾರ ಜೊತೆಗೆ ಮನಸ್ಸು ಕೆಟ್ಟಿದೆಯೋ ಅವರ ಮನೆಗೆ ಹೋಗಿ ಸರಿ ಮಾಡಿಕೊಂಡು ಬರುವುದು. ಊರಿನ ಈ ಪದ್ಧತಿಯನ್ನು ಲಂಡನ್ನಿಗೆ ಬಂದ ಮೇಲೆ ಬಹಳ ಜನ ಫೋನಿನಲ್ಲೇ ಮುಗಿಸುತ್ತಿದ್ದರು, ಕೆಲವರು ಮರೆತೇಬಿಟ್ಟಿದ್ದರು. ಅಜ್ಜಿ ಮಾತ್ರ ಮನಸ್ಸು ಕೆಟ್ಟಿರಲಿ ಬಿಡಲಿ ಎಲ್ಲರನ್ನೂ ಕೇಳುತ್ತಿದ್ದಳು. ಬೆಳಿಗ್ಗೆ ದ್ರಾಕ್ಷಿ ಕುದಿಸಿ, ಅಜ್ಜನ ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ, ರಸವನ್ನು ಗಾಜಿನ ಬಾಟಲಿಗೆ ತುಂಬಿ, ಹಿಂಡಿ ಉಳಿದ ಚರಟಕ್ಕೆ ತುಪ್ಪ ಸಕ್ಕರೆ ಕಲಸಿ ನನ್ನ ಕೈಗೆ ಕೊಟ್ಟು, ಆಮೇಲೆ ಸೆರಗು ತಲೆ ಮೇಲೆ ಎಳೆದುಕೊಂಡು ಶುರು ಮಾಡುತ್ತಿದ್ದಳು. ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ನಾನು. ಮೊಣಕಾಲು ನೋವಿದ್ದರೂ ನನ್ನೆದುರು ನೆಲಕ್ಕೆ ಕೂರುತ್ತಿದ್ದಳು, ನನ್ನ ಮುಖ ತನ್ನ ಮುಖಕ್ಕಿಂತ ಮೇಲಿರಬೇಕೆಂದು. "ನನ್ನವ್ವಾ, ಈ ತಿಂಗಳದಾಗ ನನ್ನಿಂದ ನಿನಗೇನರ ನೋವಾಗಿದ್ರ ಕ್ಷಮಾ ಮಾಡ." ಅದಕ್ಕೆ ನಾನು, "ಮಾಡೇನಿ ಅಜ್ಜಿ, ನಂದೇನರ ಇದ್ರ ನೀನೂ ಮಾಡ" ಅನ್ನಬೇಕು. ಗಿಣಿಪಾಠದ ಹಾಗೆ ಒಪ್ಪಿಸಿ ಮತ್ತೆ ಟಿವಿಗೆ ತಿರುಗುತ್ತಿದ್ದೆ. ನನಗೆ ಅದೊಂದು ಮುಗಿಸಬೇಕಾದ ಶಾಸ್ತ್ರ, ಅಷ್ಟೇ.

ಮಕ್ಕಳಿಗೆ ಭೋಜನ ಇರಲಿಲ್ಲ. ಹದಿನೈದಕ್ಕೆ ದೃಢೀಕರಣವಾಗಿ ಸಭೆಯ ಪೂರ್ಣ ಸದಸ್ಯರಾಗುವ ತನಕ ಆ ಮರದ ತಟ್ಟೆ ನಮ್ಮ ತಲೆಯ ಮೇಲಿಂದಲೇ ದಾಟಿಹೋಗುತ್ತಿತ್ತು. ಚರಟ ತಿಂದಿದ್ದ ನನಗೆ ರಸದ ರುಚಿ ಗೊತ್ತಿರಲಿಲ್ಲ. ನನಗೆ ಒಂಬತ್ತು ತುಂಬಿದ ವರ್ಷ, ಒಂದು ಶನಿವಾರ, ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿದ್ದರು. ಅಜ್ಜಿ ಬಾಟಲಿಯನ್ನು ಕಿಟಕಿಯ ಹತ್ತಿರ ಆರಲಿಟ್ಟು, ಎರಡು ಬೀದಿಯಾಚೆಯ ಸುಲೋಚನಾ ಆಂಟಿಯ ಮನೆಗೆ ಕ್ಷಮೆ ಕೇಳಲು ಹೋದಳು. ಆಂಟಿ ನಮ್ಮ ಸಭೆಯ ಹಿರಿಯರೊಬ್ಬರ ಹೆಂಡತಿ, ಹುಬ್ಬಳ್ಳಿಯವರು, ಯಾರ ಸೀರೆಯ ನೆರಿಗೆ ಸರಿಯಿಲ್ಲ ಎನ್ನುವುದರಿಂದ ಹಿಡಿದು ಯಾರ ಪ್ರಾರ್ಥನೆ ಉದ್ದವಾಯಿತು ಎನ್ನುವ ತನಕ ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿತ್ತು. ನಾನು ಒಂದು ಗುಟುಕು ಕುಡಿದೆ. ಬಿಸಿ ಇನ್ನೂ ಪೂರಾ ಆರಿರಲಿಲ್ಲ. ಅಷ್ಟು ರುಚಿಯಾದದ್ದನ್ನು ನಾನು ಅದಕ್ಕೆ ಮೊದಲು ಕುಡಿದಿರಲಿಲ್ಲ, ಆಮೇಲೂ ಕುಡಿಯಲಿಲ್ಲ. ಇನ್ನೊಂದು ಗುಟುಕು, ಮತ್ತೊಂದು. ನೋಡಿದರೆ ಬಾಟಲಿ ನಾಲ್ಕು ಬೆರಳು ಇಳಿದಿತ್ತು. ಹೆದರಿಕೆಯಾಯಿತು. ಕಪಾಟಿನಲ್ಲಿ ನನ್ನ ಶಾಲೆಯ ನೀರಿನ ಬಾಟಲಿಗೆ ಅಜ್ಜಿ ದಿನಾ ಬೆರೆಸುತ್ತಿದ್ದ ಕರಂಟ್ ಹಣ್ಣಿನ ಸ್ಕ್ವಾಷ್ ಇತ್ತು, ಅದೇ ಗಾಢ ಬಣ್ಣ. ಅದನ್ನು ಸುರಿದೆ, ಮೇಲಷ್ಟು ನಲ್ಲಿಯ ನೀರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಜಾಣತನಕ್ಕೆ ನಾನೇ ಬೀಗಿದೆ. ಕೇಳಿದ್ದರೆ ಅಜ್ಜಿ ಒಂದು ಲೋಟ ಕೊಡುತ್ತಿದ್ದಳು, ಈಗ ಗೊತ್ತು. ಆಗ ಕೇಳಬೇಕೆಂದು ಹೊಳೆಯಲೇ ಇಲ್ಲ.

ಭಾನುವಾರ ತಟ್ಟೆ ಸಾಲಿನಿಂದ ಸಾಲಿಗೆ ಹೋಯಿತು. ಎಲ್ಲರೂ ಒಟ್ಟಿಗೆ ಬಟ್ಟಲೆತ್ತಿದರು. ಕಣ್ಣು ಮುಚ್ಚಿ ಕುಡಿದವರು ಒಬ್ಬೊಬ್ಬರಾಗಿ ಕಣ್ಣು ತೆರೆದರು. ಯಾರೋ ಹಿಂದಿನ ಸಾಲಿನಲ್ಲಿ ಗಂಟಲು ಸರಿಮಾಡಿಕೊಂಡರು. ಅಜ್ಜಿ ಬಟ್ಟಲನ್ನು ತುಟಿಯಿಂದ ತೆಗೆದು ಅದರೊಳಗೆ ಒಮ್ಮೆ ನೋಡಿದಳು. ಆಮೇಲೆ ಮಕ್ಕಳ ಸಾಲಿನ ಕಡೆಗೆ ತಿರುಗಿದಳು. ಸಿಟ್ಟಿನ ನೋಟವಲ್ಲ ಅದು. ಜಾತ್ರೆಯಲ್ಲಿ ಕೈ ತಪ್ಪಿದ ಕೂಸನ್ನು ಹುಡುಕುವವರ ಹಾಗೆ ನೋಡಿದಳು. ನಾನು ನನ್ನ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದೆ. ಚಹಾದ ಹೊತ್ತಿಗೆ ಸುಲೋಚನಾ ಆಂಟಿ ಎಲ್ಲರಿಗೂ ಕೇಳುವಂತೆ ಅಂದರು, "ಏನ್ ಕರುಣಮ್ಮಾರ, ಕರ್ತನ ಮೇಜಿಗಿ ಅಂಗಡಿ ಷರಬತ್ತು ತಂದಿಟ್ಟೀರಲ್ರಿ? ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ಬೇಕಿತ್ತು." ಅಜ್ಜಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈಮುಗಿದಳು. "ತಪ್ಪಾತ್ರಿ. ನನ್ನ ಕೈಯಾಗಿನ ಕೆಲಸ, ನಂದ ತಪ್ಪು. ಎಲ್ಲಾರೂ ಕ್ಷಮಾ ಮಾಡ್ರಿ." ಅಷ್ಟೇ ಹೇಳಿದಳು. ನಾನು ಬಿಸ್ಕತ್ತಿನ ತಟ್ಟೆಯ ಪಕ್ಕ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಬಾಯಿಗೆ ಬಿಸ್ಕತ್ತು ತುರುಕಿಕೊಂಡೆ. ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ, "ಅವ್ವಾ, ಖರೇನ ನೀ ಸ್ಕ್ವಾಷ್ ಹಾಕಿದೇನು?" ಅಂದ. ಅವಮಾನಕ್ಕೆ ಅವನ ಕಿವಿಗಳು ಕೆಂಪಾಗಿದ್ದವು. "ಆಗಿದ್ದು ಆತು ಬಿಡೋ, ರಸ್ತಾ ನೋಡಿ ನಡಿಸು" ಅಂದಳು ಅಜ್ಜಿ. ಮನೆಯಲ್ಲಿ ಸ್ಕ್ವಾಷಿನ ಬಾಟಲಿ ನಾನಿಟ್ಟ ಹಾಗೆಯೇ, ಮುಚ್ಚಳ ಅರ್ಧ ತಿರುಗಿಸಿಕೊಂಡು, ಹೊರಗೆ ಅಂಟು ಇಳಿಸಿಕೊಂಡು ಕೂತಿತ್ತು. ಅಜ್ಜಿ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿ ಮಾಡಿ ಒಳಗಿಟ್ಟಳು. ಮರುದಿನ ಬೆಳಿಗ್ಗೆ ಎಂದಿನಂತೆ ನನ್ನ ಶಾಲೆಯ ಬಾಟಲಿಗೆ ಅದನ್ನೇ ಬೆರೆಸಿಕೊಟ್ಟಳು.

ಮುಂದಿನ ತಿಂಗಳಿಂದ ರಸ ಸೂಪರ್‌ಮಾರ್ಕೆಟ್ಟಿನ ಡಬ್ಬಿಯಲ್ಲಿ ಬರಲಿ ಎಂದು ಹಿರಿಯರು ತೀರ್ಮಾನಿಸಿದರು. ವಯಸ್ಸಾದವರಿಗೆ ಯಾಕೆ ತೊಂದರೆ ಎಂದರು. ಅಂಗಡಿಯ ಷರಬತ್ತಿನ ಪಾಪಕ್ಕೆ ಅಂಗಡಿಯ ಡಬ್ಬಿಯೇ ಪರಿಹಾರವಾದದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಅಜ್ಜಿಗೆ ಉಳಿದದ್ದು ಬಟ್ಟಲು ತೊಳೆಯುವ ಕೆಲಸ. ಆ ತಿಂಗಳ ಶನಿವಾರ ಮನೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಆದರೂ ಅಜ್ಜಿ ಸೆರಗು ತಲೆಗೆಳೆದುಕೊಂಡು ಬಂದು ನನ್ನೆದುರು ನೆಲಕ್ಕೆ ಕೂತಳು, ಅದೇ ಮಾತು ಕೇಳಿದಳು, ಮತ್ತು ಈ ಸಲ ಕಾದಳು. ಹಿತ್ತಲಿನಾಚೆ ಒಂದು ರೈಲು ಹೋಯಿತು, ಲೋಟಗಳು ನಡುಗಿ ಸುಮ್ಮನಾದವು. ಇನ್ನೊಂದು ರೈಲು ಹೋಯಿತು. ಅವಳು ಕಾಯುತ್ತಿರುವುದು ಯಾವ ಮಾತಿಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಿಣಿಪಾಠದ ಎರಡನೆಯ ಅರ್ಧ ಈಗ ಬಾಯಿಗೆ ಬರಲೊಲ್ಲದು, ಯಾಕೆಂದರೆ ಈಗ ಅದಕ್ಕೆ ಅರ್ಥ ಬಂದಿತ್ತು. ನಾನು ಇಂಗ್ಲಿಷಿನಲ್ಲಿ, "ಇಟ್ಸ್ ಓಕೆ, ಅಜ್ಜಿ" ಅಂದೆ. ನಾನು ಅಜ್ಜಿಯನ್ನು ಕ್ಷಮಿಸಿದೆ! ಈ ವಾಕ್ಯ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಅಜ್ಜಿ "ಆತವಾ" ಎಂದು ನನ್ನ ಮೊಣಕಾಲು ತಟ್ಟಿ, ಗೋಡೆ ಹಿಡಿದು ಎದ್ದಳು.

ಮರುದಿನ ತಟ್ಟೆ ಬಂದಾಗ ಅವಳು ಬಟ್ಟಲು ಎತ್ತಿಕೊಳ್ಳಲಿಲ್ಲ, ಪಕ್ಕದವರಿಗೆ ದಾಟಿಸಿದಳು. ಅವತ್ತು ಮಾತ್ರವಲ್ಲ. ತಿಂಗಳು ತಿಂಗಳೂ ಪಾದ್ರಿ ಅಯ್ಯನವರಿಗೆ ಹೆಸರು ಕೊಡುತ್ತಿದ್ದಳು, ತಿಂಗಳು ತಿಂಗಳೂ ಶನಿವಾರ ನನ್ನೆದುರು ಬಂದು ಕೂರುತ್ತಿದ್ದಳು, ನಾನು ಅದೇ ಎರಡು ಪದ ಎಸೆಯುತ್ತಿದ್ದೆ, ಭಾನುವಾರ ತಟ್ಟೆಯನ್ನು ದಾಟಿಸುತ್ತಿದ್ದಳು. ಕೊನೆಯಲ್ಲಿ ಬಟ್ಟಲು ತೊಳೆಯಲು ನಿಂತಾಗ ಒಂದು ತುಂಬಿಯೇ ಇರುತ್ತಿತ್ತು. ಪ್ರಾರ್ಥಿಸಿ ಹಂಚಿದ ರಸ, ಅದನ್ನು ಸಿಂಕಿಗೆ ಚೆಲ್ಲುವ ಹಾಗಿಲ್ಲ; ಹಾಲಿನ ಹಿಂದಿನ ಅಂಗಳಕ್ಕೆ ಹೋಗಿ ಗುಲಾಬಿ ಗಿಡದ ಬುಡಕ್ಕೆ ಎರೆದು ಬರುತ್ತಿದ್ದಳು. ನಾನು ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಮುದುಕಿಗೆ ಕೆಲಸ ಕಿತ್ತುಕೊಂಡದ್ದಕ್ಕೆ ಸಿಟ್ಟು, ಎಷ್ಟು ಸೊಕ್ಕು ನೋಡು ಅಂದರು. ಜೀವಮಾನದಲ್ಲಿ ತಲೆ ಎತ್ತಿ ಮಾತಾಡದವಳಿಗೆ ಸೊಕ್ಕಿನ ಹೆಸರು ಬಂತು. ಒಮ್ಮೆ ಸುಲೋಚನಾ ಆಂಟಿಯೇ ನೇರವಾಗಿ ಕೇಳಿದರು. ಅಜ್ಜಿ ಬಟ್ಟಲು ತೊಳೆಯುತ್ತಲೇ, "ಒಬ್ರು ಬರೋದೈತ್ರಿ. ಬರ್ಲಿ, ಕೂಡೇ ತಗೋತೇವಿ" ಅಂದಳು. ಊರಿನಿಂದ ಯಾರೋ ನೆಂಟರು ಬರುವವರಿದ್ದಾರೆಂದು ಆಂಟಿ ತಿಳಿದರು. ಬರಬೇಕಾದವಳು ಮೂರಡಿ ದೂರದಲ್ಲಿ ಬಟ್ಟಲು ಒರೆಸುತ್ತಾ ನಿಂತಿದ್ದಳು.

ಬೈದಿದ್ದರೆ, ಒಂದು ಏಟು ಹೊಡೆದಿದ್ದರೆ ಅತ್ತು ಹೇಳಿಬಿಡುತ್ತಿದ್ದೆನೇನೋ ಎಂದು ಬಹಳ ವರ್ಷ ಅಜ್ಜಿಯ ಮೇಲೆಯೇ ತಪ್ಪು ಹೊರಿಸಿದ್ದೇನೆ. ಆದರೆ ಇನ್ನೊಬ್ಬರ ಬಾಯಿಗೆ ಕೈಹಾಕಿ ಪಶ್ಚಾತ್ತಾಪವನ್ನು ಎಳೆದು ತೆಗೆಯುವುದು ಅವಳ ರೀತಿಯಲ್ಲ. ತಾನು ನೆಲಕ್ಕೆ ಕೂತು ತೋರಿಸುವುದು ಅವಳಿಗೆ ಗೊತ್ತಿದ್ದ ಒಂದೇ ದಾರಿ. ನನಗೆ ಹದಿನಾಲ್ಕಾದ ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ನಾನು ಇಡೀ ವಾಕ್ಯವನ್ನು ಕನ್ನಡದಲ್ಲಿ ಜೋಡಿಸಿಕೊಂಡಿದ್ದೆ, ಒಂದೊಂದು ಸ್ಟಾಪಿಗೂ ಒಮ್ಮೆ ಹೇಳಿಕೊಂಡಿದ್ದೆ. ಅವತ್ತೂ ಶನಿವಾರ. ವಾರ್ಡಿನಲ್ಲಿ ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಅಜ್ಜಿ ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಸರಿಸಿ, "ನನ್ನವ್ವಾ, ನನ್ನಿಂದ ನಿನಗೇನರ..." ಎಂದು ಶುರು ಮಾಡಿದಳು. ಅಪ್ಪ ನನ್ನ ಮುಖ ನೋಡುತ್ತಿದ್ದ. "ಏನಿಲ್ಲ ಅಜ್ಜಿ, ಮಲ್ಕೋ" ಅಂದೆ. ಮಂಗಳವಾರ ಅವಳು ತೀರಿಕೊಂಡಳು. ಮುಂದಿನ ವರ್ಷ ನನ್ನ ದೃಢೀಕರಣವಾಯಿತು. ಬಿಳಿ ಬಟ್ಟೆ ಹಾಕಿಕೊಂಡು ನನ್ನ ಮೊದಲ ಬಟ್ಟಲನ್ನು ಎತ್ತಿ ಕುಡಿದೆ. ಡಬ್ಬಿಯ ರಸ, ತಣ್ಣಗಿತ್ತು. ಎಲ್ಲರೂ ನನ್ನನ್ನು ತಬ್ಬಿಕೊಂಡರು, ಅಜ್ಜಿ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಅಂದರು.

ಕಳೆದ ಚಳಿಗಾಲದ ಆ ಶನಿವಾರದ ಮರುವಾರ ನಾನು ಲಂಡನ್ನಿನ ಇನ್ನೊಂದು ತುದಿಯ ಪಿನ್ನರಿಗೆ ಹೋದೆ. ಈಸ್ಟ್ ಹ್ಯಾಮಿನ ಮನೆ ಮಾರಿ ಹೋಗಿದೆ, ಅಪ್ಪ ಅಮ್ಮ ಇಲ್ಲ, ಪಾದ್ರಿ ಅಯ್ಯನವರಿಲ್ಲ. ಆ ಭಾನುವಾರದ ರಸವನ್ನು ಕುಡಿದವರಲ್ಲಿ ಈಗ ಈ ಊರಿನಲ್ಲಿ ಉಳಿದಿರುವವರು ಸುಲೋಚನಾ ಆಂಟಿಯೊಬ್ಬರೇ, ಅಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದ್ದರೂ ನೆರಿಗೆ ಒಂದಿಷ್ಟು ಸರಿದಿಲ್ಲ. ಚಹಾ ಆರುವ ತನಕ ಅದೂ ಇದೂ ಮಾತಾಡಿ, ಆಮೇಲೆ ನಾನು ಕುರ್ಚಿಯಿಂದಿಳಿದು ಅವರೆದುರು ಕಾರ್ಪೆಟ್ಟಿನ ಮೇಲೆ ಕೂತೆ. ಏನೋ ಬಿತ್ತೆಂದು ಹುಡುಕುತ್ತಿದ್ದೇನೆ ಎಂದುಕೊಂಡು ಅವರೂ ಬಗ್ಗಿದರು. ಎಲ್ಲ ಹೇಳಿದೆ. ಬಾಟಲಿ, ಸ್ಕ್ವಾಷ್, ಬಿಸ್ಕತ್ತು, ಇಟ್ಸ್ ಓಕೆ. ಅವರು ಕಿವಿಯ ಯಂತ್ರವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ನನ್ನನ್ನು ಬೈಯುತ್ತಾರೆಂದು ಕಾದೆ. ಬೈದರೆ ಸಾಕೆಂದು ಬಯಸಿದ್ದೆ. ಅವರು ಕಿಟಕಿಯ ಕಡೆಗೆ ತಿರುಗಿ, "ಅದರ ಮುಂದಿನ ಶನಿವಾರ ಕರುಣಮ್ಮಾರು ನಮ್ಮನೀಗೂ ಬಂದಿದ್ರವಾ" ಅಂದರು. "ರಸದ್ದು ತಪ್ಪಾತು ಅಂತ ಕೇಳಿದ್ರು. ನಾ ಏನಂದೆ ಗೊತ್ತೈತೇನು? ಈ ಸಲ ಬಿಟ್ಟೇನಿ, ಇನ್ನೊಮ್ಮೆ ಹಿಂಗ ಆಗಬಾರದು ಅಂದೆ. ಒಳಗ ಕರೀಲಿಲ್ಲ. ಬಾಗಲದಾಗ ನಿಂತಿದ್ರು, ಮಳಿ ಹನೀತಿತ್ತು." ಆಮೇಲೆ ನನ್ನ ಕಡೆಗೆ ತಿರುಗಿದರು. "ನೀನೂ ಕ್ಷಮಾ ಮಾಡಿದಿ, ನಾನೂ ಮಾಡಿದೆ. ಅವರೇನ ತಪ್ಪು ಮಾಡಿದ್ರವಾ?" ನಾವಿಬ್ಬರೂ ಅತ್ತೆವು. ಹೊರಡುವಾಗ ಅವರು ನನ್ನ ತೋಳು ಹಿಡಿದು, "ಡಬ್ಬಿ ರಸ ಸಾಕಾತು. ಮುಂದಿನ ತಿಂಗಳಿಂದು ನೀ ಮಾಡು. ನಾನು ಬರ್ತೀನಿ, ಮಗ ಕರ್ಕೊಂಡ ಬರ್ತಾನ" ಅಂದರು.

ಅಜ್ಜಿ ದ್ರಾಕ್ಷಿ ಕುದಿಸುತ್ತಿದ್ದ ಪಾತೇಲಿ ನನ್ನ ಹತ್ತಿರವೇ ಇತ್ತು. ಇಷ್ಟು ವರ್ಷ ಅದರಲ್ಲಿ ಹೊಲಿಗೆಯ ಸಾಮಾನು ತುಂಬಿಟ್ಟಿದ್ದೆ. ಗುಂಡಿ, ದಾರ ಎಲ್ಲ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಶನಿವಾರ ಬೆಳಿಗ್ಗೆ ದ್ರಾಕ್ಷಿ ಕುದಿಯುತ್ತಿರುವಾಗ ಮಗಳು ಬಂದು ನಿಂತಳು. ನಾನು ಅವಳೆದುರು ಅಡುಗೆಮನೆಯ ನೆಲಕ್ಕೆ ಕೂತು, ಅಜ್ಜಿಯ ಮಾತನ್ನು ಅಜ್ಜಿಯ ಕನ್ನಡದಲ್ಲೇ ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ಫಾರ್ ವಾಟ್, ಅಮ್ಮಾ?" ಅಂದಳು. ಏತಕ್ಕೆ? ನಾನು ಒಂದು ದಿನವೂ ಅಜ್ಜಿಯನ್ನು ಕೇಳದೇ ಹೋದ ಪ್ರಶ್ನೆ. ಹಿಂಡುತ್ತಾ, ಸೋಸುತ್ತಾ ಅವಳಿಗೂ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ತಾನೊಂದಿಷ್ಟು ಕುಡಿದು ನೋಡಬಹುದಾ ಎಂದು ಕೇಳಿದಳು. ಒಂದು ಲೋಟ ತುಂಬ ಕೊಟ್ಟೆ. ನಾನು ಮುಟ್ಟಲಿಲ್ಲ.

ಭಾನುವಾರ ಅದೇ ಹಾಲಿನಲ್ಲಿ, ಈಗ ಇಪ್ಪತ್ತೊಂದೇ ಜನರಿಗೆ, ಎಣಿಸಿ ಬಟ್ಟಲು ತುಂಬಿದೆ. ನನ್ನ ಹೆಸರನ್ನೂ ಕೊಟ್ಟಿದ್ದೆ. ತಟ್ಟೆ ನನ್ನ ಕೈಗೆ ಬಂದಾಗ ಆ ವಾಸನೆ ಹತ್ತಿರದಿಂದ ಮೂಗಿಗೆ ಬಡಿಯಿತು, ಮಣ್ಣು, ಬೆಲ್ಲ, ಆಮೇಲಿನದು. ದೇವರು ಯಾವತ್ತೋ ಕ್ಷಮಿಸಿದ್ದಾನೆ ಎಂದು ಪಾದ್ರಿಗಳು ಹೇಳಿಯಾರು, ಅದು ನಿಜವೂ ಇರಬಹುದು. ಆದರೆ ನನ್ನ ಕೈ ಏಳಲಿಲ್ಲ. ತಟ್ಟೆಯನ್ನು ದಾಟಿಸಿದೆ. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಮಗಳು ಕಣ್ಣಲ್ಲೇ ಕೇಳಿದಳು. "ಒಬ್ಬರು ಬರೋದಿದೆ" ಎಂದು ಅವಳ ಕಿವಿಯಲ್ಲಿ ಹೇಳಿದೆ. ಎಲ್ಲ ಮುಗಿದ ಮೇಲೆ ತೋಳು ಮಡಚಿಕೊಂಡು ಸಿಂಕಿನ ಹತ್ತಿರ ಬಟ್ಟಲು ತೊಳೆಯಲು ನಿಂತೆ. ಒಂದು ತುಂಬಿರುತ್ತದೆಂದು ಗೊತ್ತಿತ್ತು. ಎರಡು ತುಂಬಿದ್ದವು. ಹಾಲಿನ ಕಡೆ ಇಣುಕಿದೆ. ಎಲ್ಲರೂ ಚಹಾಕ್ಕೆ ಎದ್ದಿದ್ದರು, ಸುಲೋಚನಾ ಆಂಟಿ ಮಾತ್ರ ಮೊದಲ ಸಾಲಿನಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತೇ ಇದ್ದರು. ನಾನು ಎರಡೂ ಬಟ್ಟಲು ಹಿಡಿದುಕೊಂಡು ಹಿಂದಿನ ಅಂಗಳಕ್ಕೆ ಹೋದೆ. ಗುಲಾಬಿ ಗಿಡ ಯಾವಾಗಲೋ ಹೋಗಿ ಅಲ್ಲಿ ಈಗ ಸೈಕಲ್ ನಿಲ್ಲಿಸುವ ಕಂಬಿಗಳಿವೆ. ಕಂಬಿಯ ಬುಡದಲ್ಲಿ ಒಂದು ಗೇಣು ಮಣ್ಣು ಉಳಿದಿತ್ತು, ಮೊಣಕಾಲೂರಿ ಅದಕ್ಕೆ ಎರೆದೆ.